ಚಿತ್ರಫಲಕವೂ ಅಕ್ಷರವೂ: ನಮ್ಮ ಸೀಮೆಯ ಒಂದು ಹಳೆಯ ಪಾಠ



ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಆಕೆ ಈಗ ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಾತಿನ ನಡುವೆ ತನ್ನ ಮೊಬೈಲು ತೆರೆದು ಪಿಂಟರೆಸ್ಟ್ ಎಂಬುದನ್ನು ತೋರಿಸಿದಳು. ೨೦೧೦ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಜಾಲತಾಣದಲ್ಲಿ ನಮಗೆ ಹಿಡಿಸಿದ ಚಿತ್ರಗಳನ್ನು ಆರಿಸಿ, ಹಲಗೆಗೆ ಗುಂಡುಸೂಜಿಯಿಂದ ಚುಚ್ಚಿಟ್ಟಂತೆ, ವಿಷಯವಾರು ಫಲಕಗಳಲ್ಲಿ ಜೋಡಿಸಿಡಬಹುದು. ಆಕೆಯ ಫಲಕಗಳಲ್ಲಿ ಪ್ರಾಣಿಗಳಿದ್ದವು, ಹಣ್ಣುಗಳಿದ್ದವು, ತರಗತಿಯ ಗೋಡೆಯನ್ನು ಸಿಂಗರಿಸುವ ನೂರಾರು ಮಾದರಿಗಳಿದ್ದವು. ಅವುಗಳಲ್ಲಿ ಕೆಲವನ್ನು ಮುದ್ರಿಸಿ, ಕೆಳಗೆ ಹೆಸರು ಬರೆದು, ತನ್ನ ತರಗತಿಯಲ್ಲಿ ತೂಗುಹಾಕಿದ್ದಾಳೆ. ಎಲ್ಲವನ್ನೂ ತೋರಿಸಿದ ಮೇಲೆ ಆಕೆ ಕೇಳಿದಳು: “ಸರ್, ಇದರಿಂದ ಮಕ್ಕಳಿಗೆ ಓದು ಬರುತ್ತದೆಯೇ?”

ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ನನ್ನ ವೃತ್ತಿಜೀವನದ ಒಂದು ಹಳೆಯ ಗಾಯವನ್ನು ಮುಟ್ಟಿತ್ತು. ಉತ್ತರವನ್ನು ಈಗ ಸಾವಧಾನವಾಗಿ ಬರೆಯುತ್ತಿದ್ದೇನೆ.

ಚಿತ್ರ ತೋರಿಸಿ ಅಕ್ಷರ ಕಲಿಸುವುದು ಇಂದಿನ ಸಂಗತಿಯಲ್ಲ. ಕೊಮೇನಿಯಸ್ ಎಂಬ ಶಿಕ್ಷಣತಜ್ಞನು ೧೬೫೮ರಲ್ಲಿ ಮಕ್ಕಳಿಗಾಗಿ ಚಿತ್ರಸಹಿತವಾದ ಪಠ್ಯವೊಂದನ್ನು ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಪ್ರಕಟಿಸಿದನು. ಒಂದು ವಸ್ತುವಿನ ಚಿತ್ರ, ಅದರೊಡನೆ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳ ಮಾತು. ಇಂದಿನ ಬಣ್ಣಬಣ್ಣದ ಬಾಲಪಾಠಗಳಿಗೆಲ್ಲ ಅದೇ ಮೂಲಪುರುಷ. ನಾನು ಬಿ.ಎಡ್. ಓದುವಾಗ ದೃಕ್-ಶ್ರವಣ ಸಾಧನಗಳೆಂಬ ಪಾಠದಲ್ಲಿ ಇದನ್ನೆಲ್ಲ ಬಾಯಿಪಾಠ ಮಾಡಿದ್ದೆವು. ಮುಂದೆ ೧೯೮೭ರಲ್ಲಿ ಕೇಂದ್ರ ಸರ್ಕಾರದ ಕಪ್ಪುಹಲಗೆ ಕಾರ್ಯಾಚರಣೆ ಆರಂಭವಾದಾಗ ಪ್ರಾಥಮಿಕ ಶಾಲೆಗಳಿಗೆ ನಕ್ಷೆ, ಪಟ, ಆಟಿಕೆಗಳು ಬರತೊಡಗಿದವು. ಗೋಡೆಯ ಪಟದಲ್ಲಿ ಋ ಎಂದರೆ ಋಷಿ, ಐ ಎಂದರೆ ಐರಾವತ. ಎರಡನ್ನೂ ನಮ್ಮ ಯಲಬುರ್ಗಾ ಕಡೆಯ ಮಗು ಎಂದೂ ಕಂಡಿರಲಿಲ್ಲವೆನ್ನುವುದು ಬೇರೆ ಮಾತು.

ಆದರೆ ಚಿತ್ರಕ್ಕೂ ಅಕ್ಷರಕ್ಕೂ ಇರುವ ನಿಜವಾದ ಅಂತರವನ್ನು ನನಗೆ ಮನಗಾಣಿಸಿದ್ದು ಶಿಕ್ಷಣಶಾಸ್ತ್ರದ ಗ್ರಂಥಗಳಲ್ಲ, ನಮ್ಮ ಜಿಲ್ಲೆಯ ಕಲ್ಲುಗಳು.

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡವನ್ನು ನಿಮ್ಮಲ್ಲಿ ಅನೇಕರು ನನ್ನೊಡನೆ ಹತ್ತಿದ್ದೀರಿ. ೨೦೨೧ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿದ, ಶಿಲಾಯುಗದ ನಂತರದ ಬೃಹತ್ ಶಿಲಾಸಮಾಧಿಗಳ ಊರದು. ಅಲ್ಲಿಯ ಬಂಡೆಗಳ ಅಡಿಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಮನುಷ್ಯರು, ಪ್ರಾಣಿಗಳು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಕೈಗಳು ಯಾವ ಮಾತನ್ನಾಡುತ್ತಿದ್ದವೋ ತಿಳಿಯದು. ಆದರೂ ಒಂಬತ್ತನೆಯ ತರಗತಿಯ ಹುಡುಗರು ನೋಡಿದೊಡನೆ “ಸರ್, ಇದು ಪ್ರಾಣಿ, ಇವನು ಮನುಷ್ಯ” ಎಂದು ಕೂಗುತ್ತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಕೊಪ್ಪಳಕ್ಕೆ ಬನ್ನಿ. ಊರಿನ ಪಕ್ಕದಲ್ಲಿಯೇ ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಕುರಿ ಕಾಯುವವರು, ಜಾತ್ರೆಗೆ ಬಂದವರು, ಮಠದ ಭಕ್ತರು ತಲೆತಲಾಂತರದಿಂದ ಆ ಬಂಡೆಗಳ ಬಳಿ ಸುಳಿದಾಡಿದರು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ‘ಕೊಪಣ’ ನಗರವಿದು, ವಿದ್ವಾಂಸರಿಗೆ ಬರವಿಲ್ಲದ ಊರು. ಆದರೂ ಆ ಗೀಟುಗಳ ಅರ್ಥ ಮರೆತೇಹೋಗಿತ್ತು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗಂಟನ್ನು ಬಿಡಿಸಿದನು. ನಮ್ಮ ಕೊಪ್ಪಳದ ಶಾಸನಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು ೧೯೩೧ರಲ್ಲಿ. ಮರುವರ್ಷ ಆರ್. ಎಲ್. ಟರ್ನರ್ ಅವುಗಳ ಪಾಠವನ್ನು ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು.

ಎರಡೂ ಕಲ್ಲಿನ ಮೇಲೆ ಮನುಷ್ಯ ಮಾಡಿದ ಗುರುತುಗಳೇ. ಒಂದನ್ನು ಮಗು ತಾನಾಗಿಯೇ ತಿಳಿಯಿತು. ಇನ್ನೊಂದನ್ನು ಶತಮಾನಗಳ ಕಾಲ ಒಂದು ಊರಿಗೆ ಊರೇ ನೋಡಿದರೂ ಯಾರೂ ಓದಲಿಲ್ಲ. ಚಿತ್ರವನ್ನು ನೋಡಿದರೆ ಸಾಕು. ಅಕ್ಷರವನ್ನು ಯಾರಾದರೂ ಕೈಹಿಡಿದು ಹೇಳಿಕೊಡಲೇಬೇಕು. ನೋಡುವುದು ಬೇರೆ, ಓದುವುದು ಬೇರೆ.

ಚಿತ್ರದ ವಿಷಯದಲ್ಲಿ ನಮ್ಮ ಸೀಮೆ ಎಂದೂ ಬಡವಾಗಿರಲಿಲ್ಲ. ಕಿನ್ನಾಳದ ಚಿತ್ರಗಾರರು ಹಗುರವಾದ ಮರಕ್ಕೆ ಹುಣಸೆಬೀಜದ ಅಂಟು ಹಚ್ಚಿ, ಬಣ್ಣ ಬಳಿದು ಮಾಡುವ ಗೊಂಬೆಗಳನ್ನು ಬಲ್ಲಿರಿ. ಅವರ ಪೂರ್ವಜರೇ ಹಂಪೆಯ ವಿರೂಪಾಕ್ಷ ದೇಗುಲದ ಚಾವಣಿಯ ಚಿತ್ರಗಳನ್ನು ಬರೆದವರೆಂಬ ನಂಬಿಕೆಯೂ ಉಂಟು. ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ರಾಮಾಯಣ, ಮಹಾಭಾರತಗಳನ್ನು ತೊಗಲಿನ ಚಿತ್ರಗಳಲ್ಲಿ ಊರೂರಿಗೆ ತೋರಿಸಿದ ಜೀವವದು. ಪರದೆಯ ಮುಂದೆ ಕುಳಿತವರಿಗೆ ಕತೆ ತಿಳಿಯಲು ಅಕ್ಷರ ಬೇಕಿರಲಿಲ್ಲ.

ನಮ್ಮಲ್ಲಿ ಬರವಿದ್ದದ್ದು ಅಕ್ಷರಕ್ಕೆ. ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರಜಂಗರ ಜಹಗೀರು. ಮೇಲಿನ ಓದೆಲ್ಲ ಉರ್ದುವಿನಲ್ಲಿ. ನನ್ನ ತಂದೆಯವರು ಕಲಿತ ಅಕ್ಷರಗಳು ಮನೆಯ ಮಾತಿನವಲ್ಲ. ನನ್ನ ಅಜ್ಜಿ ಯಾವ ಅಕ್ಷರವನ್ನೂ ಕಲಿಯಲಿಲ್ಲ. ೧೯೪೮ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು, ೧೯೫೬ರಲ್ಲಿ ನಾವು ಕನ್ನಡ ರಾಜ್ಯವನ್ನು ಸೇರಿದೆವು, ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ನಾಲ್ಕು ತಾಲ್ಲೂಕುಗಳ ಜಿಲ್ಲೆಯಾದೆವು. ೨೦೦೧ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡ ಸುಮಾರು ೫೪. ೨೦೧೧ರಲ್ಲಿ ಸುಮಾರು ೬೮, ಹೆಣ್ಣುಮಕ್ಕಳಲ್ಲಿ ಸುಮಾರು ೫೮. ಈ ಅಂಕಿಗಳ ಹಿಂದಿನ ಮುಖಗಳನ್ನು ನಾನು ತರಗತಿಯಲ್ಲಿ ಕಂಡವನು.

ಇನ್ನು ನನ್ನ ಗಾಯದ ಮಾತು. ತೊಂಬತ್ತರ ದಶಕದಲ್ಲಿ ಎಂಟನೆಯ ತರಗತಿಗೆ ಬರುವ ಕೆಲವು ಮಕ್ಕಳಿಗೆ ಕನ್ನಡದ ಸಾಲೊಂದನ್ನೂ ಓದಲು ಬರುತ್ತಿರಲಿಲ್ಲ. ಅವರಿಗಾಗಿ ನಾನು ಹಳೆಯ ವಾರಪತ್ರಿಕೆಗಳಿಂದ ಚಿತ್ರಗಳನ್ನು ಕತ್ತರಿಸಿ, ರಟ್ಟಿಗೆ ಅಂಟಿಸಿ, ಕೆಳಗೆ ದಪ್ಪಕ್ಷರದಲ್ಲಿ ಹೆಸರು ಬರೆದು ಒಂದು ದೊಡ್ಡ ಫಲಕ ಮಾಡಿದೆ. ಅದೇ ನನ್ನ ಪಿಂಟರೆಸ್ಟು! ಅವರಲ್ಲೊಬ್ಬ ಹುಡುಗ ಹದಿನೈದೇ ದಿನಗಳಲ್ಲಿ ಇಡೀ ಫಲಕವನ್ನು ಕೋಲಿನಿಂದ ತೋರಿಸುತ್ತ ತಡವರಿಸದೆ ಓದಿದ. ತನಿಖೆಗೆ ಬಂದ ಅಧಿಕಾರಿಗಳ ಮುಂದೆಯೂ ಓದಿದ. ಅವರು ನನ್ನ ಬೆನ್ನು ತಟ್ಟಿದರು, ನಾನು ಹಿಗ್ಗಿದೆ.

ಕೆಲವು ದಿನಗಳ ನಂತರ ಅವೇ ಪದಗಳನ್ನು ಚಿತ್ರವಿಲ್ಲದೆ ಕಪ್ಪುಹಲಗೆಯ ಮೇಲೆ ಬರೆದೆ. ಹುಡುಗ ಸುಮ್ಮನೆ ನಿಂತ. ಅವನು ಇಷ್ಟು ದಿನ ಓದಿದ್ದು ಚಿತ್ರವನ್ನು. ಅಂದಿನಿಂದಲೇ ನಾನು ಅವನೊಡನೆ ಮೊದಲಕ್ಷರದಿಂದ ಆರಂಭಿಸಬೇಕಿತ್ತು. ಪಠ್ಯಭಾಗ ಮುಗಿಸುವ ಅವಸರದಲ್ಲಿ ನಾಳೆ ನೋಡೋಣವೆಂದು ಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಅವನ ಮನೆಯವರು ಗುಳೆ ಹೋದರು. ಹುಡುಗ ಶಾಲೆಗೆ ಮರಳಲಿಲ್ಲ.

ಹಲವು ವರ್ಷಗಳ ಮೇಲೆ ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಒಬ್ಬ ಗಂಡಸು, ಹೆಗಲ ಮೇಲೆ ಮಗು, ಬಂದು ಕಾಲಿಗೆರಗಿದ. ಗುರುತು ಹತ್ತಿತು. ಯೋಗಕ್ಷೇಮ ವಿಚಾರಿಸಿದ ಬಳಿಕ, ಬಂದು ನಿಂತ ಬಸ್ಸಿನ ಹಣೆಯತ್ತ ಬೆರಳು ಮಾಡಿ, “ಸರ, ಅದು ಯಾವ ಊರಿನ ಬೋರ್ಡ್ ಐತ್ರಿ?” ಎಂದು ಕೇಳಿದ. ನಾನು ಓದಿ ಹೇಳಿದೆ. ಅವನು ಸಂತೋಷದಿಂದ ಕೈಮುಗಿದು ಬಸ್ಸು ಹತ್ತಿದ. ನಾನು ಅಲ್ಲಿಯೇ ಬಹಳ ಹೊತ್ತು ಕುಳಿತಿದ್ದೆ.

ನಾನು ಎಡವಿದ ಜಾಗದಲ್ಲಿ ಇತರರು ದಾರಿ ಕಂಡರು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಮುಂದೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಬಂದಿತು. ಅದರ ಕಾರ್ಡುಗಳಲ್ಲಿ ಚಿತ್ರಗಳುಂಟು. ಆದರೆ ಅಕ್ಷರಗಳು ಅ ಆ ಇ ಈ ಎಂಬ ಕ್ರಮದಲ್ಲಿ ಬರುವುದಿಲ್ಲ; ರ, ಗ, ಸ, ದ, ಅ ಎಂದು, ಬೇಗ ಪದ ಕಟ್ಟಲು ಬರುವಂತೆ ಬರುತ್ತವೆ. ಮಗು ನಾಲ್ಕೈದು ಅಕ್ಷರ ಕಲಿತೊಡನೆ ಅರ, ಅರಸ, ಸರ ಕಾಣುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವ ಕಪ್ಪುಹಲಗೆ, ತಲೆಯ ಮೇಲೆ ದಾರದ ಚಪ್ಪರ. ಚಪ್ಪರಕ್ಕೆ ತೂಗುವುದು ಮಕ್ಕಳೇ ಬರೆದ ಚಿತ್ರ, ಮಕ್ಕಳೇ ಬರೆದ ಹೆಸರು. ಅದೂ ಫಲಕವೇ, ಆದರೆ ಚುಚ್ಚುವ ಕೈ ಮಗುವಿನದು.

ಆದುದರಿಂದ ತಾಯಿ, ನಿನ್ನ ಪ್ರಶ್ನೆಗೆ ನನ್ನ ಉತ್ತರವಿದು. ನಿನ್ನ ಫಲಕವನ್ನು ಬಿಡಬೇಡ. ಅದು ಮಗುವನ್ನು ಬಾಗಿಲವರೆಗೆ ಕರೆತರುತ್ತದೆ, ಅಷ್ಟೂ ಸಣ್ಣ ಕೆಲಸವಲ್ಲ. ಆದರೆ ಚಿತ್ರಗಳನ್ನು ಆರಿಸಿ ಆರಿಸಿ ಜೋಡಿಸುವಾಗ ಕಲಿಯುತ್ತಿರುವವಳು ನೀನು, ಮಗುವಲ್ಲ. ಅಲ್ಲಿ ಹಿಮದ ಗೊಂಬೆಗಳೂ ನಾವು ಕಾಣದ ಹಣ್ಣುಗಳೂ ಹೆಚ್ಚು. ನಿನ್ನ ಮಕ್ಕಳಿಗೆ ಸಜ್ಜಿಯ ತೆನೆ, ಒಳ್ಳು, ಕೌದಿ, ದಾಳಿಂಬೆ ಗೊತ್ತು. ಅವುಗಳ ಚಿತ್ರವನ್ನು ಅವರೇ ಬರೆಯಲಿ, ಅವರ ಮನೆಯ ಮಾತಿನ ಹೆಸರನ್ನೇ ಅವರು ಕೆಳಗೆ ಬರೆಯಲಿ. ವಾರದ ಕೊನೆಗೆ ಚಿತ್ರದ ಮೇಲೆ ಒಂದು ಕಾಗದ ಮುಚ್ಚು. ಹೆಸರನ್ನು ಓದಿದ ಮಗುವಿಗೆ ಕಾಗದ ಸರಿಸುವ ಅಧಿಕಾರ. ಓದಲಾಗದ ಮಗುವಿನ ಪಕ್ಕದಲ್ಲಿ ಅಂದೇ ಕುಳಿತುಕೋ, ನಾಳೆಗೆ ಬಿಡಬೇಡ. ಮಕ್ಕಳ ಮುಖದ ಚಿತ್ರಗಳನ್ನು ಮಾತ್ರ ಆ ಜಾಲತಾಣಕ್ಕೆ ಏರಿಸಬೇಡ.

ಪಾಲ್ಕಿಗುಂಡಿನ ಶಾಸನದ ತಿರುಳನ್ನು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು: ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸ್ವರ್ಗ ದೊರೆಯುತ್ತದೆ ಎಂಬುದು ಅಶೋಕನ ಮಾತು. ಆ ಬಸ್ಸು ಹತ್ತಿದವನ ಮಗು ಈಗ ಶಾಲೆ ದಾಟುವ ವಯಸ್ಸಿನದು. ಅದು ಬೋರ್ಡನ್ನು ತಾನೇ ಓದುತ್ತಿರಲಿ ಎಂದು ಹಾರೈಸುತ್ತೇನೆ.