ಪೊಟರೆ ಕಳೆದುಕೊಂಡ ಮಂಗಟ್ಟೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟದ ಅಂಚಿನಲ್ಲಿ ಬೆಳಗಿನ ಹೊತ್ತು ಯಾರೋ ಗಹಗಹಿಸಿ ನಕ್ಕಂತೆ ಕೇಳಿಸಿದರೆ ಅದು ಮನುಷ್ಯರ ನಗುವೇ ಆಗಬೇಕೆಂದಿಲ್ಲ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಬೂದು ಮಂಗಟ್ಟೆಯ ಕೂಗು ಹಾಗೆಯೇ ಇರುತ್ತದೆ. ದೊಡ್ಡ ಮಂಗಟ್ಟೆಯಂತೆ ಇದರ ಕೊಕ್ಕಿನ ಮೇಲೆ ಕಿರೀಟವಿಲ್ಲ, ಮೈಬಣ್ಣದಲ್ಲಿ ಆಡಂಬರವಿಲ್ಲ. ಅದಕ್ಕೇ ಇದರತ್ತ ಗಮನ ಹರಿದದ್ದು ಕಡಿಮೆ.

1790ರಲ್ಲಿ ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಲೇಥಮ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಬಹುಕಾಲ ಅಪಾಯವಿಲ್ಲದ ಹಕ್ಕಿಗಳ ಸಾಲಿನಲ್ಲಿದ್ದ ಇದನ್ನು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2020ರಲ್ಲಿ ಅಪಾಯದ ಅಂಚಿನ ಪಟ್ಟಿಗೆ ಸೇರಿಸಿತು.

ಕಾರಣ ಈ ಹಕ್ಕಿಯ ಬಾಣಂತನದಲ್ಲೇ ಇದೆ. ಮಂಗಟ್ಟೆ ಗೂಡು ಕಟ್ಟುವುದಿಲ್ಲ. ಹಳೆಯ ಹೆಮ್ಮರದ ಪೊಟರೆಯನ್ನು ಆರಿಸಿಕೊಳ್ಳುತ್ತದೆ. ಹೆಣ್ಣು ಒಳಹೊಕ್ಕು ಬಾಯಿಯನ್ನು ಮುಚ್ಚಿಕೊಂಡು, ಕಿರಿದಾದ ಸೀಳೊಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ತಂದುಕೊಡುವ ಹಣ್ಣು, ಹುಳುಗಳೇ ತಾಯಿ-ಮರಿಗಳಿಗೆ ಆಧಾರ. ಗಂಡು ಸತ್ತರೆ ಒಳಗಿರುವ ಸಂಸಾರವೇ ಸಂಕಟಕ್ಕೆ ಸಿಲುಕುತ್ತದೆ. ಪೊಟರೆಯನ್ನು ಕೊರೆದುಕೊಳ್ಳುವ ಶಕ್ತಿಯೂ ಇದಕ್ಕಿಲ್ಲ. ಮರ ಮುಪ್ಪಾಗುವವರೆಗೆ ಕಾಯಬೇಕು.

ಆ ಮುಪ್ಪಿಗೆ ಉತ್ತರ ಕನ್ನಡದಲ್ಲಿ ಅವಕಾಶ ಸಿಕ್ಕದ್ದು ಕಡಿಮೆ. ಬ್ರಿಟಿಷರ ಕಾಲದಲ್ಲಿ ಸಾಗವಾನಿಗೆ ಮೊದಲ ಮಣೆ. ಸ್ವಾತಂತ್ರ್ಯಾನಂತರ ಪ್ಲೈವುಡ್, ಕಾಗದ ಕಾರ್ಖಾನೆಗಳ ಹಸಿವಿಗೂ ಕಾಡು ಒದಗಬೇಕಾಯಿತು. ನೈಸರ್ಗಿಕ ಕಾಡು ಕಡಿದಲ್ಲಿ ಸಾಗವಾನಿ, ನೀಲಗಿರಿ ನೆಡುತೋಪುಗಳು ಎದ್ದವು. ಅವುಗಳಲ್ಲಿ ಹಕ್ಕಿಗೆ ಹಣ್ಣೂ ಇಲ್ಲ, ಪೊಟರೆಯೂ ಇಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದರು. ಉತ್ತರದ ಚಿಪ್ಕೊ ಚಳವಳಿಯ ಸ್ಫೂರ್ತಿಯಿಂದ ಹುಟ್ಟಿದ ಆ ‘ಅಪ್ಪಿಕೊ’ ಹಕ್ಕಿಗಾಗಿ ನಡೆದದ್ದಲ್ಲ. ನೀರು, ಸೊಪ್ಪು, ಕಾಡುತ್ಪನ್ನಗಳ ಮೇಲಿನ ಬದುಕಿಗಾಗಿ. ಆದರೆ ಉಳಿದ ಮರದಲ್ಲಿ ಹಕ್ಕಿಯೂ ಉಳಿಯಿತು. 2011ರಲ್ಲಿ ಸರ್ಕಾರ ಅಘನಾಶಿನಿ, ಬೇಡ್ತಿ ಕಣಿವೆಗಳಿಗೆ ಸಂರಕ್ಷಿತ ಮೀಸಲಿನ ಸ್ಥಾನ ನೀಡಿತು. ದಾಂಡೇಲಿಯಲ್ಲಿ ಮಂಗಟ್ಟೆಯ ಹೆಸರಿನಲ್ಲೇ ಒಂದು ಮೀಸಲು ಬಂತು.

ಆದರೆ ಬೂದು ಮಂಗಟ್ಟೆ ಮೀಸಲಿನ ಗಡಿಯನ್ನು ಅರಿಯದು. ತೋಟದಂಚಿನ ಅತ್ತಿ, ಬಸರಿಗಳ ಹಣ್ಣಿಗೂ ಅದು ಬರುತ್ತದೆ. ತಿಂದ ಹಣ್ಣಿನ ಬೀಜವನ್ನು ದೂರಕ್ಕೆ ಒಯ್ದು ಕಾಡು ಬೆಳೆಸುತ್ತದೆ. ಸೊಪ್ಪಿನ ಬೆಟ್ಟದಲ್ಲಿ ನಿಂತ ಟೊಳ್ಳು ಮರ ರೈತನ ಕಣ್ಣಿಗೆ ಬರೀ ಸೌದೆಯಾಗಿ ಕಂಡೀತು. ಹಕ್ಕಿಯ ಪಾಲಿಗೆ ಅದು ಮನೆ. ಅದನ್ನು ಕಡಿಯದೆ ಬಿಡಲು ಯಾವ ಯೋಜನೆಯೂ ಬೇಡ, ಹಣವೂ ಬೇಡ. ಸಾಲ್ಕಣಿಯ ಜನ ಹಸಿರು ಮರವನ್ನು ಉಳಿಸಿದರು. ಟೊಳ್ಳು ಮರವನ್ನು ಉಳಿಸುವ ಸರದಿ ಇಂದಿನವರದು.