ಸಣ್ಣ ಫ್ಯಾಬ್ರಿಕೇಶನ್ ಘಟಕಗಳ ಆರ್ಥಿಕ ಸಂಕಷ್ಟ

ಉಕ್ಕಿನ ಹಾಳೆ, ಆಂಗಲ್, ಚಾನೆಲ್, ಪೈಪುಗಳನ್ನು ಕತ್ತರಿಸಿ, ಬಾಗಿಸಿ, ವೆಲ್ಡಿಂಗ್ ಮಾಡಿ ಗೇಟು, ಶೆಡ್ಡಿನ ಚೌಕಟ್ಟು, ಯಂತ್ರದ ಕವಚ, ಪ್ಯಾನೆಲ್ ಬೋರ್ಡಿನ ಪೆಟ್ಟಿಗೆಗಳನ್ನು ತಯಾರಿಸುವ ಕಾರ್ಖಾನೆಗಳಿವು. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್ ಇವುಗಳ ನೆಲೆ. ಬಾಡಿಗೆ ಶೆಡ್ಡು, ಬೆರಳೆಣಿಕೆಯ ಕೆಲಸಗಾರರು, ಒಂದಿಬ್ಬರು ಖಾಯಂ ಗಿರಾಕಿಗಳು: ಬಹುಪಾಲು ಘಟಕಗಳ ಬದುಕು ಇಷ್ಟರ ಮೇಲೆ ನಿಂತಿದೆ.

ಇವುಗಳನ್ನು ಹೆಚ್ಚು ಕಾಡುವುದು ಆರ್ಡರಿನ ಕೊರತೆಗಿಂತ ಕೈಯಲ್ಲಿ ದುಡ್ಡಿಲ್ಲದಿರುವುದು. ಉಕ್ಕಿನ ವ್ಯಾಪಾರಿಗೆ ಹಣ ಬೇಗ ಕೊಡಬೇಕು. ಮಾಲು ಕೊಂಡ ದೊಡ್ಡ ಕಂಪನಿ ಮಾತ್ರ ಮೂರು ನಾಲ್ಕು ತಿಂಗಳು ಸತಾಯಿಸಬಹುದು. ಹತ್ತು ಲಕ್ಷ ರೂಪಾಯಿಯ ಬಿಲ್ಲಿಗೆ ಶೇ 18ರಂತೆ 1.8 ಲಕ್ಷ ಜಿಎಸ್‌ಟಿ ಬೀಳುತ್ತದೆ. ಕಚ್ಚಾ ಮಾಲಿನ ಮೇಲೆ ಕಟ್ಟಿದ ತೆರಿಗೆಯನ್ನು ಕಳೆದು ಉಳಿದದ್ದನ್ನು, ಗಿರಾಕಿಯಿಂದ ಒಂದು ರೂಪಾಯಿ ಬಾರದಿದ್ದರೂ, ಸಾಮಾನ್ಯವಾಗಿ ಮಾರನೆಯ ತಿಂಗಳೇ ತುಂಬಬೇಕು. ಅಷ್ಟರಲ್ಲಿ ಬಾಡಿಗೆ, ಸಂಬಳ, ಕರೆಂಟ್ ಬಿಲ್ಲು ಬಂದು ನಿಂತಿರುತ್ತವೆ.

ಕಾನೂನು ಸಣ್ಣವರ ಪರವಾಗಿಯೇ ಇದೆ. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಾಕಿಯ ವಿವಾದದಲ್ಲಿ ಬಂದ ತೀರ್ಪನ್ನು ಪ್ರಶ್ನಿಸಲು ಹೊರಟ ಖರೀದಿದಾರ ಮೊದಲು ಶೇ 75ರಷ್ಟು ಮೊತ್ತವನ್ನು ಠೇವಣಿ ಇಡಬೇಕು. ದೂರು ಸಲ್ಲಿಸಲು 2017ರಲ್ಲಿ ‘ಸಮಾಧಾನ್’ ಜಾಲತಾಣವೂ ಬಂತು. ಆದರೆ ವರ್ಷವಿಡೀ ಕೆಲಸ ಕೊಡುವ ಏಕೈಕ ಗಿರಾಕಿಯ ಮೇಲೆ ದೂರು ಕೊಟ್ಟವನಿಗೆ ಮುಂದಿನ ಆರ್ಡರು ಸಿಗುವುದೇ? ಈ ಭಯದಿಂದಲೇ ಅನೇಕರು ಬಾಕಿಯನ್ನು ನುಂಗಿಕೊಳ್ಳುತ್ತಾರೆ. ಇದು ಘೋರ ಅನ್ಯಾಯ.

ಆದಾಯ ತೆರಿಗೆಯ 43ಬಿ(ಎಚ್) ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂದು ಇನ್ನೊಂದು ದಾರಿ ಹಿಡಿಯಿತು. ಕಿರು ಮತ್ತು ಸಣ್ಣ ಘಟಕಗಳಿಗೆ ಗಡುವಿನೊಳಗೆ ಕೊಡದ ಹಣವನ್ನು, ನಿಜವಾಗಿ ಪಾವತಿಸುವವರೆಗೆ, ಕಂಪನಿ ತನ್ನ ವೆಚ್ಚವೆಂದು ತೋರಿಸುವಂತಿಲ್ಲ. ಇಲ್ಲಿ ಸಣ್ಣವರು ದೂರು ಕೊಡಬೇಕಾಗಿಲ್ಲ ಎಂಬುದೇ ದೊಡ್ಡ ಬಲ. ಆದರೂ ಗಿರಾಕಿಗಳು ನಿಯಮದಾಚೆಗಿನ ಮಧ್ಯಮ ಘಟಕಗಳತ್ತ ಹೊರಳಬಹುದೆಂಬ ಆತಂಕ ಉದ್ಯಮಿಗಳಲ್ಲಿದೆ.

ಎರಡನೆಯ ಪೆಟ್ಟು ಉಕ್ಕಿನ ಬೆಲೆಯದು. ಕೋವಿಡ್ ನಂತರ ದರ ಎಷ್ಟು ಏರಿತೆಂದರೆ, ಕೇಂದ್ರ ಸರ್ಕಾರ 2022ರ ಮೇ ತಿಂಗಳಲ್ಲಿ ಹಲವು ಉಕ್ಕಿನ ಉತ್ಪನ್ನಗಳಿಗೆ ಶೇ 15 ರಫ್ತು ಸುಂಕ ಹೇರಿ, ನವೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಚಪ್ಪಟೆ ಉಕ್ಕಿನ ಆಮದಿಗೆ ಶೇ 12ರ ತಾತ್ಕಾಲಿಕ ರಕ್ಷಣಾ ಸುಂಕ ಬಂತು. ಅದು ದೊಡ್ಡ ಉಕ್ಕಿನ ಕಾರ್ಖಾನೆಗಳನ್ನು ಕಾಯುವ ಕ್ರಮ. ಅಗ್ಗದ ಹಾಳೆಗಾಗಿ ಕಾಯುವ ಸಣ್ಣವರಿಗೆ ಹೊರೆ. ಹಳೆಯ ದರದಲ್ಲಿ ಒಪ್ಪಿಕೊಂಡ ಕೆಲಸವನ್ನು ಹೊಸ ದರದ ಮಾಲಿನಲ್ಲಿ ಮುಗಿಸಬೇಕಾದಾಗ ಲಾಭ ಅಲ್ಲಿಗೇ ಕರಗುತ್ತದೆ.

ವಿದ್ಯುತ್ತಿನ ಹೊರೆಯೂ ಸಣ್ಣದಲ್ಲ. ಯಂತ್ರ ಸುಮ್ಮನಿದ್ದರೂ ನಿಗದಿತ ಶುಲ್ಕ ತಪ್ಪದು. ದರ ಏರಿಕೆ ಖಂಡಿಸಿ ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ 2023ರ ಜೂನ್ 22ರಂದು ಬಂದ್‌ಗೆ ಕರೆ ಕೊಟ್ಟಿತ್ತು.

ಲೇಸರ್ ಕಟಿಂಗ್, ಸಿಎನ್‌ಸಿ ಬೆಂಡಿಂಗ್ ಯಂತ್ರಗಳಿಲ್ಲದವರಿಗೆ ನಿಖರತೆ ಬೇಡುವ ಕೆಲಸ ಸಿಗುವುದು ಕಷ್ಟ. ಅವನ್ನು ಕೊಳ್ಳಲು ಸಾಲ ಬೇಕು. ಅಡಮಾನವಿಲ್ಲದ ಸಾಲಕ್ಕೆ ಖಾತರಿ ನೀಡುವ ಸಿಜಿಟಿಎಂಎಸ್‌ಇ ನಿಧಿ 2000ದಿಂದ ಇದೆ, ಅದರ ಮಿತಿಯೂ ಏರುತ್ತ ಬಂದಿದೆ. ಆದರೆ ಬಾಕಿ ವಸೂಲಾಗದೆ ಕಂತು ತಪ್ಪಿಸಿದವರ ಸಾಲದ ದಾಖಲೆ ಕೆಡುತ್ತದೆ. ಬ್ಯಾಂಕು ನೋಡುವುದು ಆ ದಾಖಲೆಯನ್ನು, ದುಡ್ಡು ತಡೆಹಿಡಿದ ಕಂಪನಿಯನ್ನಲ್ಲ.