ಹಗೇವು ಮತ್ತು ಬಸ್ಸಾರು
ಮೂರನೆಯ ಮಂಗರಸನ ಸೂಪಶಾಸ್ತ್ರದಂತಹ ಗ್ರಂಥಗಳು 16ನೆಯ ಶತಮಾನದಲ್ಲೇ ಪಾಕಗಳನ್ನು ವಿವರಿಸಿದರೂ, ಮಳೆಯನ್ನೇ ನಂಬಿದ ಹಳೆ ಮೈಸೂರಿನ ಒಕ್ಕಲು ಮನೆಗಳ ಮಿತವ್ಯಯದ ಜಾಣ್ಮೆ ಹೆಚ್ಚಾಗಿ ಹೆಂಗಸರ ಕೈಯಲ್ಲೇ ಉಳಿದುಬಂದಿತು. ಅದಕ್ಕೆ ಆಧಾರ ಹಗೇವು, ಎಂದರೆ ಗಟ್ಟಿನೆಲದಲ್ಲಿ ಕಿರುಬಾಯಿಯಿಟ್ಟು ಒಳಗೆ ಅಗಲವಾಗಿ ತೋಡಿದ ಧಾನ್ಯದ ಗುಂಡಿ; ಸುಲಭಕ್ಕೆ ಹುಳು ಹತ್ತದ ರಾಗಿಯನ್ನು ಅದರಲ್ಲಿ ತುಂಬಿ, ಹುಲ್ಲು ಹಾಸಿ ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡದಿದ್ದುದರಿಂದ, ಒಳ್ಳೆಯ ಸುಗ್ಗಿಯ ಫಸಲು ಬರಗಾಲಕ್ಕೂ ಒದಗುತ್ತಿತ್ತು. ತೆರೆದೊಡನೆ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಉಸಿರುಗಟ್ಟುವ ಅಪಾಯವಿದ್ದುದರಿಂದ ಮೊದಲು ಗಾಳಿಯಾಡಲು ಬಿಡುತ್ತಿದ್ದರು. ಒಲೆಯ ಬಳಿಯೂ ಅದೇ ಮಿತವ್ಯಯ: ಕಾಳು, ಸೊಪ್ಪು ಬೆಂದ ನೀರಾದ ಕಟ್ಟನ್ನು ಚೆಲ್ಲದೆ ಬಸಿದು, ಅದಕ್ಕೆ ರುಬ್ಬಿದ ಖಾರ ಬೆರೆಸಿ ಮುದ್ದೆಗೆ ಬಸ್ಸಾರು ಮಾಡುತ್ತಿದ್ದರು, ಉಳಿದ ಕಾಳು, ಸೊಪ್ಪು ಒಗ್ಗರಣೆ ಬಿದ್ದು ಪಲ್ಯವಾಗುತ್ತಿತ್ತು. ಒಂದೇ ಬೇಯಿಸುವಿಕೆಯಲ್ಲಿ ಎರಡು ಅಡುಗೆ ದಕ್ಕಿಸುವ ಈ ಕ್ರಮವನ್ನು ಬಡತನದ ಗುರುತೆಂದಷ್ಟೇ ಕಾಣುವುದು ಅನ್ಯಾಯ.